ಒಂದೊಂದೇ ಮಡಿಸಿದ ಎಲೆ

ಬೆಳ್ಳುಳ್ಳಿ ಸುಲಿದು ಸುಲಿದು ಗಿಲ್ಸುವಿನ ಬೆರಳ ತುದಿಗಳು ಉರಿಯುತ್ತಿದ್ದವು. ತಣ್ಣೀರಿನಲ್ಲಿ ಅದ್ದಿದರೂ ಉರಿ, ಅಂಗಿಗೆ ಒರೆಸಿದರೂ ಉರಿ. ಮೈಮರೆತು ಕಣ್ಣುಜ್ಜಿಕೊಂಡರಂತೂ ಮುಗಿದೇ ಹೋಯಿತು. ಆದರೂ ಬೇಡವೆನಿಸದ ಉರಿ ಅದು. ಹಡಗುಕಟ್ಟೆಯ ಅಟ್ಟಣಿಗೆಯಿಂದ ಬಿದ್ದು ಎಡಗಾಲು ಕುಂಟಾಗಿ, ಬೆಸುಗೆಯ ಕೆಲಸ ಬಿಟ್ಟ ಮೇಲೆ ಅವನ ಬೆರಳಿಗೆ ಕೆಲಸದ ಬಿಸಿ ತಗುಲಿದ್ದು ಇದೇ ಮೊದಲು. ಅಡುಗೆ ಕಟ್ಟೆಯ ಮೇಲೆ, ನೆಲದ ಮೇಲೆ, ಬಟ್ಟೆ ಒಗೆಯುವ ಯಂತ್ರದ ನೆತ್ತಿಯ ಮೇಲೆ, ಇದ್ದ ಒಂದೇ ಕೋಣೆಯ ತುಂಬ ಪ್ಲಾಸ್ಟಿಕ್ ಡಬ್ಬಿಗಳು ಬಾಯಿ ತೆರೆದು ಕೂತಿದ್ದವು. ಒಂದೊಂದರ ಹೊಟ್ಟೆಯಲ್ಲೂ ಸುಲಿದ ಬೆಳ್ಳುಳ್ಳಿ, ಮೊಲದ ಹಲ್ಲಿನ ಹಾಗೆ ಬೆಳ್ಳಗೆ. ಪಕ್ಕದಲ್ಲಿ ಅವುಗಳ ಮುಚ್ಚಳಗಳು, ಮುಚ್ಚಳದ ಮೇಲೆ ಅಂಟುಪಟ್ಟಿ, ಪಟ್ಟಿಯ ಮೇಲೆ ಒಬ್ಬೊಬ್ಬ ಹೆಂಗಸಿನ ಹೆಸರು. ಆ ಹೆಂಗಸರಲ್ಲಿ ಒಬ್ಬರ ಮುಖವನ್ನೂ ಅವನು ನೆಟ್ಟಗೆ ಕಂಡವನಲ್ಲ. ಕಂಡಿಲ್ಲದಿದ್ದರೇನು, ಯೋಮ್ ಹ್ವಾಜಾ ಎಂಬಾಕೆಯ ಕೈಯಲ್ಲಿ ಉಪ್ಪು ನಿಲ್ಲುವುದಿಲ್ಲವೆಂದು ಅವನಿಗೆ ಗೊತ್ತು. ಸೋ ಮಲ್ಜಾ ಏನು ಮಾಡಿದರೂ ಕೊನೆಗೆ ಎಳ್ಳೆಣ್ಣೆ ಸುರಿಯುತ್ತಾಳೆಂದೂ, ಹ್ವಾಜಾಳ ಮನೆಯಲ್ಲಿ ಬೇಸರವಾದ ವಾರ ಮೀನು ತುಸು ಸೀದಿರುತ್ತದೆಂದೂ ಗೊತ್ತು. ನಾಲಿಗೆಯಿಂದ ಆದ ಪರಿಚಯ. ಗಂಡಂದಿರಿಗೂ ಇಷ್ಟು ಗೊತ್ತಿರಲಿಕ್ಕಿಲ್ಲ.

ಗುಡ್ಡದ ನೆತ್ತಿಯ ಕೆಂಪಿಟ್ಟಿಗೆ ಚರ್ಚಿನ ಹೆಂಗಸರು ಗುರುವಾರ ಗುರುವಾರ ಈ ಓಣಿಯ ಒಂಟಿ ಬಾಗಿಲುಗಳಿಗೆ ಪಲ್ಯ, ಸಾರು, ಉಪ್ಪಿನಕಾಯಿ ತಂದುಕೊಡುತ್ತಿದ್ದರು. ಬಾಗಿಲು ತೆರೆದವರ ಜೊತೆ ಎರಡು ಮಾತಾಡುವರು, ತೆರೆಯದವರ ಬಾಗಿಲ ಹಿಡಿಗೆ ಚೀಲ ತಗುಲಿಸಿ ಹೋಗುವರು. ಗಿಲ್ಸು ತೆರೆಯದವನು. ಮಲ್ಜಾಳ ದನಿ ಮೊದಲು ಮೆಟ್ಟಿಲ ಕೆಳಗೆ ಕೇಳಿಸುತ್ತಿತ್ತು, ಆಮೇಲೆ ಅವಳ ಏದುಸಿರು, ಆಮೇಲೆ ಬಾಗಿಲಿಗೆ ಎರಡು ಏಟು. "ಗಿಲ್ಸು ಅವ್ರೇ, ಇಟ್ಟಿದೀನಿ ಕಣ್ರೀ! ಬಿಸಿ ಇದ್ದಾಗ್ಲೇ ತಿನ್ನಿ, ಗೋಡೆ ನೋಡ್ಕೊಂಡು ಕೂತ್ಕೋಬೇಡಿ!" ಅವನು ಒಳಗೆ ಗೋಡೆ ನೋಡಿಕೊಂಡೇ ಕೂತಿರುತ್ತಿದ್ದ. ಹೆಜ್ಜೆಯ ಸದ್ದು ಇಳಿದು ಹೋಗುವ ತನಕ ಉಸಿರು ಬಿಗಿಹಿಡಿದು, ಆಮೇಲೆ ಕಳ್ಳನ ಹಾಗೆ ಬಾಗಿಲು ಅರೆ ತೆರೆದು, ಚೀಲ ಒಳಗೆಳೆದುಕೊಂಡು, ನಿಂತಲ್ಲೇ ಮುಚ್ಚಳ ತೆಗೆದು ಮೂಸುತ್ತಿದ್ದ. ಒಂದೊಂದು ಸಲ ಕಣ್ಣಲ್ಲಿ ನೀರು ಬರುತ್ತಿತ್ತು. ಉಂಡು, ಡಬ್ಬಿಯನ್ನು ಮೂರು ನೀರಲ್ಲಿ ತೊಳೆದು, ಹೆಸರು ಮಾಸದಂತೆ ಮುಚ್ಚಳವನ್ನು ಬೇರೆಯಾಗಿ ಒರೆಸಿ, ಕಟ್ಟೆಯ ಕೆಳಗೆ ಜೋಡಿಸುತ್ತಿದ್ದ. ಜೋಡಿಸಿದ್ದು ಜೋಡಿಸಿದ ಹಾಗೇ ಇತ್ತು. ಒಂದನ್ನೂ ಹಿಂದಿರುಗಿಸಿರಲಿಲ್ಲ.

ಹಿಂದಿರುಗಿಸುವುದು ಹೇಗೆ? ಬಂದ ಪಾತ್ರೆ ಖಾಲಿ ಹೋಗಬಾರದು ಎಂದು ಅವನ ಅವ್ವ ಹೇಳುತ್ತಿದ್ದಳು. ಹೇಳುವುದೇನು, ಅದು ಅವಳ ಉಸಿರಾಟದಲ್ಲೇ ಇತ್ತು. ನೆರೆಮನೆಯಿಂದ ಒಂದು ಬಟ್ಟಲು ಗಂಜಿ ಬಂದರೆ ಅದೇ ಬಟ್ಟಲಲ್ಲಿ ಎರಡು ಮೊಟ್ಟೆ ಹೋಗಬೇಕು. ಮೊಟ್ಟೆಯಿಲ್ಲದಿದ್ದರೆ ಹಿಡಿ ಹುರುಳಿ. ಏನೂ ಇಲ್ಲದ ದಿನ ಒಂದು ಚಿಟಿಕೆ ಉಪ್ಪು ಹಾಕಿ, ಅದರ ಮೇಲೊಂದು ಎಲೆ ಮುಚ್ಚಿ, "ಹೋಗು, ಓಡು, ಕೊಟ್ಟು ಬಾ" ಎಂದು ಕಳಿಸುತ್ತಿದ್ದಳು. ಖಾಲಿ ಪಾತ್ರೆ ಕೊಟ್ಟವನ ಕೈ ಬಾಳೆಲ್ಲ ಚಾಚಿಕೊಂಡೇ ಇರುತ್ತದೆ ಅನ್ನುವಳು. ಒಮ್ಮೆ ಅವನು ಕಿತ್ತಳೆ ತಂದು ಡಬ್ಬಿಗೆ ಒಂದರಂತೆ ಹಾಕಿಟ್ಟು, ಇವತ್ತು ಹೋಗುತ್ತೇನೆ, ನಾಳೆ ಹೋಗುತ್ತೇನೆ ಎಂದು ಮೀನಮೇಷ ಎಣಿಸುತ್ತ ಕೂತ. ಕಿತ್ತಳೆಗಳು ಅವನ ಧೈರ್ಯಕ್ಕಾಗಿ ಕಾದೂ ಕಾದೂ ಬೂಸಲು ಹಿಡಿದವು. ಹೀಗೆ ತಡವಾದಷ್ಟೂ ಡಬ್ಬಿ ಹೆಚ್ಚಾದವು, ಡಬ್ಬಿ ಹೆಚ್ಚಾದಷ್ಟೂ ನಾಚಿಕೆ ಹೆಚ್ಚಾಯಿತು, ನಾಚಿಕೆ ಹೆಚ್ಚಾದಷ್ಟೂ ಇನ್ನೂ ತಡವಾಯಿತು. ಒಂದು ದಿನ ಸೊಪ್ಪಿನಂಗಡಿಯ ಹಿಂದೆ ನಿಂತಿದ್ದಾಗ ಮಲ್ಜಾಳ ದನಿ ಕಿವಿಗೆ ಬಿತ್ತು: "ಆ ಮೇಲಿನ ಮನೆಗೆ ಹೋದ ಡಬ್ಬಿ ಸಮುದ್ರಕ್ಕೆ ಬಿದ್ದ ಹಾಗೇನಮ್ಮಾ. ತಿಂತಾನೋ ಚೆಲ್ತಾನೋ ದೇವರೇ ಬಲ್ಲ." ಅವಳು ಯಾವ ಮನೆಯನ್ನು ಹೇಳಿದಳೋ, ಆ ಗುಡ್ಡದಲ್ಲಿ ಮೇಲಿನ ಮನೆಗಳಿಗೇನು ಬರವೇ? ಆದರೆ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನು ಇವನು. ಸೊಪ್ಪು ಕೊಳ್ಳದೆ ಹಿಂದಿನ ಓಣಿಯಿಂದ ಕುಂಟುತ್ತ ಮನೆ ಸೇರಿದ್ದ.

ಹೋಗಲಿ, ಯೋಮ್ ಹ್ವಾಜಾಳಿಗೂ ಮಲ್ಜಾಳಿಗೂ ಅವನು ಹೇಗಾದರೂ ಮುಖ ತಪ್ಪಿಸಿಯಾನು. ಅವನನ್ನು ತಿನ್ನುತ್ತಿದ್ದದ್ದು ಇನ್ನೊಂದು ಡಬ್ಬಿ. ಅದೊಂದರಲ್ಲಿ ಮಾತ್ರ ಬೆಳ್ಳುಳ್ಳಿ ಇಲ್ಲ. ತಂಗಳುಪೆಟ್ಟಿಗೆಯ ಒಳಮೂಲೆಯಲ್ಲಿ, ಮುಚ್ಚಳ ಬಿಗಿದುಕೊಂಡು, ಅದು ಮಳೆಗಾಲದಿಂದ ಅಲ್ಲೇ ಇದೆ. ಮುಚ್ಚಳದ ಮೇಲೆ 'ಮೋಕ್ ಬುನ್ನಮ್' ಎಂದು ದಪ್ಪನೆಯ ಓರೆ ಅಕ್ಷರ, ಮುದಿಪ್ರಾಯದಲ್ಲಿ ಬರೆಯಲು ಕಲಿತವರ ಕೈ. ಒಳಗೆ ಸೋಯಾ ರಸದಲ್ಲಿ ನೆನೆದ ಕೆನ್ನಿಪ್ ಎಲೆ, ವೀಳ್ಯದೆಲೆಯಷ್ಟಗಲ, ಗರಗಸದ ಅಂಚು. ಬಿಸಿ ಅನ್ನದ ಮೇಲೆ ಒಂದು ಎಲೆ ಹೊದಿಸಿ ಊಟದ ಕಡ್ಡಿಗಳಲ್ಲಿ ಸುತ್ತಿ ಬಾಯಿಗಿಟ್ಟರೆ ಬೇರೇನೂ ಬೇಡ. ಈ ಎಲೆಯದೊಂದು ಹಟ ಎಲ್ಲರಿಗೂ ಗೊತ್ತಿದ್ದದ್ದೇ: ಒಂದಕ್ಕೊಂದು ಅಂಟಿಕೊಂಡಿರುತ್ತದೆ. ಒಂದನ್ನು ಎತ್ತಿದರೆ ಮೂರು ಬರುತ್ತವೆ. ಎದುರಿಗೆ ಕೂತವರು ತಮ್ಮ ಕಡ್ಡಿಯ ತುದಿಯಿಂದ ಕೆಳಗಿನ ಎಲೆಯನ್ನು ಒತ್ತಿ ಹಿಡಿಯಬೇಕು, ಆಗ ಮೇಲಿನದು ಬಿಡಿಸಿಕೊಳ್ಳುತ್ತದೆ. ಮನೆಮನೆಯಲ್ಲಿ ಯಾರೋ ಒಬ್ಬರು ಮಾತಾಡುತ್ತಲೇ, ಎತ್ತಲೋ ನೋಡುತ್ತಲೇ, ಇನ್ನೊಬ್ಬರಿಗಾಗಿ ಹಾಗೆ ಹಿಡಿಯುತ್ತಾರೆ. ಹೆಂಡತಿ ಬಿಟ್ಟುಹೋದ ಮೇಲೆ ಗಿಲ್ಸು ಕೆನ್ನಿಪ್ ತಿನ್ನುವುದನ್ನೇ ಬಿಟ್ಟಿದ್ದ. ಒಂದು ಕೈಯಲ್ಲಿ ಕಡ್ಡಿ, ಇನ್ನೊಂದು ಕೈಯ ಬೆರಳು ರಸಕ್ಕಿಳಿಸಿ ಎಲೆ ಬಿಡಿಸುವಾಗ ಅವನಿಗೆ ತನ್ನ ಮೇಲೇ ಹೇಸಿಗೆ ಹುಟ್ಟುತ್ತಿತ್ತು.

ಈ ಹೆಸರಿನ ಡಬ್ಬಿ ಮೊದಲ ಸಲ ಬಂದ ಗುರುವಾರ ಅವನು ಮುಚ್ಚಳ ತೆಗೆದು, ಅಯ್ಯೋ ಇದಾ, ಎಂದುಕೊಂಡ. ಆಮೇಲೆ ನೋಡುತ್ತಾನೆ, ಎಲೆಗಳು ಕಟ್ಟಾಗಿ ಇರಲಿಲ್ಲ. ಒಂದೊಂದನ್ನೂ ಪ್ರತ್ಯೇಕವಾಗಿ, ಅರ್ಧಕ್ಕೆ ಮಡಿಸಿ, ಮತ್ತೆ ಅರ್ಧಕ್ಕೆ ಮಡಿಸಿ, ತೊಟ್ಟು ಮೇಲಕ್ಕೆ ಬರುವ ಹಾಗೆ ಸಾಲಾಗಿ ನಿಲ್ಲಿಸಿತ್ತು. ಕಡ್ಡಿಯಿಂದ ತೊಟ್ಟು ಹಿಡಿದರೆ ಒಂದೇ ಎಲೆ ಬರುತ್ತಿತ್ತು, ಒಂದೇ. ಅವನು ಮೂರು ಸಲ ಪರೀಕ್ಷೆ ಮಾಡಿದ. ಯಾರೋ ಒಬ್ಬಾಕೆ, ಎಲ್ಲೋ ಒಂದು ಅಡುಗೆಮನೆಯಲ್ಲಿ, ಅಷ್ಟು ಎಲೆಗಳನ್ನು ಕೂತು ಮಡಿಸಿದ್ದಾಳೆ. ಮಡಿಸುವಾಗ ತಿನ್ನುವವನ ಎದುರು ಯಾರೂ ಇಲ್ಲ ಎನ್ನುವುದನ್ನು ನೆನೆದಿದ್ದಾಳೆ. ಹೊಟ್ಟೆ ತುಂಬಿಸುವವರು ಲೋಕದಲ್ಲಿ ಇದ್ದಾರೆ, ಪುಣ್ಯವಂತರು, ಅವರ ಸಂತತಿ ಹೆಚ್ಚಲಿ. ಆದರೆ ನೀನು ಹೇಗೆ ಕೂತು ಉಣ್ಣುತ್ತೀ ಎಂದು ಯೋಚಿಸುವವರು? ಅವತ್ತು ಅವನು ಅನ್ನದ ಬಟ್ಟಲನ್ನು ಎದುರಿಗಿಟ್ಟುಕೊಂಡು ಬಿಕ್ಕಿ ಬಿಕ್ಕಿ ಅತ್ತ. ಯಾರೂ ನೋಡಲಿಲ್ಲವಾದ್ದರಿಂದ ಚೆನ್ನಾಗಿಯೇ ಅತ್ತ. ಆಮೇಲೆ ತಿಂಗಳಿಗೊಮ್ಮೆ ಅದೇ ಹೆಸರಿನ ಇನ್ನೊಂದು ಡಬ್ಬಿ ಬರುವುದು, ಮಡಿಸಿದ ಎಲೆ ಬರುವುದು. ಮಳೆಗಾಲ ಕಳೆಯಿತು, ಬರಲಿಲ್ಲ. ಮತ್ತೆ ಬರಲೇ ಇಲ್ಲ. ಬೇರೆ ಹೆಸರಿನ ಡಬ್ಬಿಗಳೆಲ್ಲ ಬರುತ್ತಿವೆ, ಇದೊಂದೇ ಇಲ್ಲ. ಅವನಿಗೆ ತಿಳಿದುಹೋಯಿತು. ಡಬ್ಬಿ ವಾಪಸು ಬರಲಿಲ್ಲವೆಂದು ಆಕೆಗೆ ಬೇಸರವಾಗಿದೆ. ಆಗದೆ ಇನ್ನೇನು? ಒಂದೊಂದೇ ಎಲೆ ಮಡಿಸಿ ಕಳಿಸಿದವಳಿಗೆ ಒಂದು ಖಾಲಿ ಡಬ್ಬಿಯೂ ಹಿಂದಿರುಗದಿದ್ದರೆ, ಉಂಡ ಮನೆಯ ಗಳ ಎಣಿಸುವವನು ಎಂದುಕೊಂಡಿರುತ್ತಾಳೆ. ಕೊನೆಯ ಡಬ್ಬಿಯ ಎಲೆಗಳನ್ನು ಅಂದಿನಿಂದ ಅವನು ಹಬ್ಬಕ್ಕೊಂದು, ಹುಣ್ಣಿಮೆಗೊಂದು ಎಂಬಂತೆ ತಿನ್ನುತ್ತಿದ್ದ, ಅದು ಮುಗಿದರೆ ಆಕೆಯ ಸಿಟ್ಟೊಂದೇ ಉಳಿಯುತ್ತದೆ ಎನ್ನುವ ಹೆದರಿಕೆಯಲ್ಲಿ.

ಮೊನ್ನೆ ಗುರುವಾರ ಮಲ್ಜಾ ಬಾಗಿಲಿಗೆ ಎರಡರ ಬದಲು ನಾಲ್ಕು ಏಟು ಹಾಕಿದ್ದಳು. "ಗಿಲ್ಸು ಅವ್ರೇ, ಶನಿವಾರ ಕಿಮ್ಚಿ ಹಾಕ್ತೀವಿ, ಇಡೀ ಗುಡ್ಡಕ್ಕೆ! ಡಬ್ಬಿ ಸಾಲ್ದು. ಇದ್ರೆ ತಂದ್ಕೊಡಿ. ಬೈಯಕ್ಕಲ್ಲ, ಆಣೆಗೂ ಬೈಯಲ್ಲ! ಎಲ್ರೂ ಬರ್ತಾರೆ, ನೀವೂ ಬನ್ನಿ." ಎಲ್ಲರೂ ಬರುತ್ತಾರೆ ಎಂದರೆ ಆಕೆಯೂ ಬರುತ್ತಾಳೆ. ಅವತ್ತೇ ಅವನು ಸಂತೆಗಿಳಿದು ಬೆಳ್ಳುಳ್ಳಿಯ ಜಡೆಗಳನ್ನು ಹೆಗಲ ಮೇಲೆ ಹೊತ್ತು ತಂದ. ಚಳಿಗಾಲಕ್ಕೆಂದು ಹಾಕುವ ಆ ಕೋಸಿನ ಉಪ್ಪಿನಕಾಯಿಗೆ, ಕಿಮ್ಚಿಗೆ, ಎಲ್ಲಕ್ಕಿಂತ ದೊಡ್ಡ ಕಾಟ ಬೆಳ್ಳುಳ್ಳಿ ಸುಲಿಯುವುದು. ಸುಲಿದ ಬೆಳ್ಳುಳ್ಳಿ ಕೊಟ್ಟವನನ್ನು ಯಾವ ಹೆಂಗಸೂ ಶಪಿಸಲಾರಳು ಎಂದು ಅವನ ಲೆಕ್ಕ. ಬುನ್ನಮ್ ಎಂಬಾಕೆ ಯಾರೆಂದು ಕೇಳಬೇಕು, ಎದುರು ನಿಂತು ತಲೆಬಾಗಿ, ತಾಯೀ, ತಪ್ಪಾಯಿತು, ನಿಮ್ಮ ಎಲೆ ತಿಂದು ನಾನು ಬದುಕಿದೆ ಎನ್ನಬೇಕು. ಇಷ್ಟೇ ಇವತ್ತಿನ ಕೆಲಸ. ಆ ಡಬ್ಬಿಯನ್ನು ಏನು ಮಾಡುವುದೆಂದು ತಿಳಿಯದೆ, ಕೊನೆಗೆ ಹಾಗೇ ಬಟ್ಟೆಯಲ್ಲಿ ಸುತ್ತಿ ಕೋಟಿನ ಒಳಗಿಟ್ಟುಕೊಂಡ. ಉಳಿದವನ್ನೆಲ್ಲ ತಳ್ಳುಬಂಡಿಗೆ ಹೇರಿ ಹಗ್ಗ ಬಿಗಿದ.

ಗುಡ್ಡದ ಏರು ಕುಂಟುಗಾಲಿಗೆ ಕರುಣೆ ತೋರುವುದಿಲ್ಲ. ಕೆಳಗೆ ಕೊಲ್ಲಿಯಲ್ಲಿ ಹಡಗುಕಟ್ಟೆಯ ಕ್ರೇನುಗಳು ನಿಂತಿದ್ದವು, ಅತ್ತ ನೋಡಬಾರದೆಂದುಕೊಂಡೇ ನೋಡಿದ. ಸೀಮೆಸುಣ್ಣದ ಕಡ್ಡಿ ನೆನಪಾಯಿತು. ಬೆಸುಗೆ ಪರೀಕ್ಷಿಸುವ ತಾಕ್ ಸಾಹೇಬರು ಕೈಯಲ್ಲಿ ಸುಣ್ಣದ ಕಡ್ಡಿ ಹಿಡಿದು ಬರುತ್ತಿದ್ದರು, ಕೆಟ್ಟ ಬೆಸುಗೆ ಕಂಡಲ್ಲಿ ಮಾತಿಲ್ಲದೆ ಒಂದು ಸುತ್ತು ಎಳೆಯುತ್ತಿದ್ದರು. ಒಂದು ಸಲ ಮಾತ್ರ ಬಾಯಿಬಿಟ್ಟು, ಎಲ್ಲರೆದುರು, "ಏ ಪ್ಯೋ, ಇದೇನು ಬೆಸುಗೆಯೋ, ಕೋಳಿ ಕೆದರಿದ ತಿಪ್ಪೆಯೋ?" ಎಂದಿದ್ದರು. ಎಲ್ಲರೂ ನಕ್ಕರು, ಇವನೂ ನಕ್ಕ. ಪ್ಯೋ ಎನ್ನುವ ತನ್ನ ಮನೆತನದ ಹೆಸರನ್ನು ಅವರು ಕರೆದ ರೀತಿ ಮಾತ್ರ ಎಷ್ಟೋ ದಿನ ಕಿವಿಯಲ್ಲಿ ಉಳಿಯಿತು. ಅಟ್ಟಣಿಗೆಯಿಂದ ಬಿದ್ದು ಮಲಗಿದ್ದಾಗ ಆಸ್ಪತ್ರೆಯ ಸೂರಿನ ಮೇಲೂ ಅವನಿಗೆ ಬಿಳಿ ಸುತ್ತುಗಳು ಕಾಣುತ್ತಿದ್ದವು, ತನ್ನ ಸುತ್ತಲೇ ಯಾರೋ ಎಳೆದ ಹಾಗೆ. ಈಗ ಯಾಕೆ ಅದೆಲ್ಲ? ಬೆಳ್ಳುಳ್ಳಿ ಸುರಿದೀತು, ಬಂಡಿ ನೋಡು, ಎಂದು ತನ್ನನ್ನೇ ಗದರಿಸಿಕೊಂಡು ಏರಿದ.

ಚರ್ಚಿನ ಅಂಗಳ ಜಾತ್ರೆಯಾಗಿತ್ತು. ರಾತ್ರಿಯೆಲ್ಲ ಉಪ್ಪುನೀರಲ್ಲಿ ನೆನೆದ ಉದ್ದ ಕೋಸುಗಳು ಗುಡ್ಡೆಗುಡ್ಡೆಯಾಗಿ ನೀರು ಬಸಿಯುತ್ತಿದ್ದವು, ಕೆಂಪು ರಬ್ಬರ್ ಕೈಗವಸು ತೊಟ್ಟ ಹೆಂಗಸರು ಮೊಣಕೈವರೆಗೆ ಮೆಣಸಿನ ಮಸಾಲೆಯಲ್ಲಿ ಮುಳುಗಿದ್ದರು. ಚರ್ಚಿನವರಷ್ಟೇ ಅಲ್ಲ, ಓಣಿಯ ಅರ್ಧ ಜನ ಅಲ್ಲಿದ್ದರು. ದೇವರ ಹೆಸರೆತ್ತದ ಮೀನು ಮಾರುವವರೂ ಇದ್ದರು, ಭವಿಷ್ಯ ಹೇಳುವ ಮುದುಕಿಯೂ ತನ್ನ ಹಿತ್ತಿಲ ಮೂಲಂಗಿ ತಂದು ಒಂದು ಕಲ್ಲಿನ ಮೇಲೆ ಕೂತು ಎಲ್ಲರಿಗೂ ಬುದ್ಧಿ ಹೇಳುತ್ತಿದ್ದಳು. ಗಿಲ್ಸು ಗೇಟಿನ ಬಳಿಯೇ ನಿಂತ. ಬಂಡಿಯನ್ನು ಅಲ್ಲೇ ಬಿಟ್ಟು ಓಡಿಹೋಗುವ ಯೋಚನೆ ಬಂತು, ಮೊದಲ ಸಲವೇನೂ ಅಲ್ಲ.

"ಅಯ್ಯಯ್ಯೋ! ಸಮುದ್ರ ವಾಪಸ್ ಕೊಡ್ತು ಕಣ್ರೇ, ಸಮುದ್ರ ವಾಪಸ್ ಕೊಡ್ತು!" ದನಿಯಿಂದಲೇ ಮಲ್ಜಾ ಎಂದು ತಿಳಿಯಿತು. ದನಿಗೆ ತಕ್ಕ ಎತ್ತರದ ಹೆಂಗಸನ್ನು ನಿರೀಕ್ಷಿಸಿದ್ದ. ಬಂದವಳು ಅವನ ಎದೆಯ ಮಟ್ಟಕ್ಕಿದ್ದಳು. ಒಂದು ಮುಚ್ಚಳ ತೆಗೆದಳು, ಇನ್ನೊಂದು ತೆಗೆದಳು, ಬಾಯಿಯ ಮೇಲೆ ಮೆಣಸಿನ ಕೈ ಇಟ್ಟುಕೊಳ್ಳಲು ಹೋಗಿ ತಡೆದುಕೊಂಡಳು. "ಸುಲ್ದಿದೀರಾ? ಇಷ್ಟನ್ನೂ? ನೀವೊಬ್ರೇ? ಏ ಹ್ವಾಜಾ, ಬಾರೇ ಇಲ್ಲಿ, ಬೆಳ್ಳುಳ್ಳಿಗೆ ಅಳ್ತಿದ್ಯಲ್ಲ, ದೇವರು ಕಳಿಸಿದಾನೆ ನೋಡು, ಕುಂಟ್ಕೊಂಡು ಬಂದಿದಾನೆ!"

ಯೋಮ್ ಹ್ವಾಜಾ ಬಂದಳು. ತೆಳ್ಳಗೆ, ಗಂಭೀರವಾಗಿ, ಇಷ್ಟು ಉಪ್ಪು ಹಾಕುವವಳೆಂದು ನಂಬಲಾಗದಂಥ ಮುಖ. "ತಿಂತಿದ್ರಾ ನೀವು? ನಾವು ಚೆಲ್ತಿದೀರ ಅಂದ್ಕೊಂಡಿದ್ವಿ."

"ಚೆಲ್ಲೋದಾ ಅಮ್ಮಾ, ಒಂದು ಚೂರೂ ಇಲ್ಲ," ಎಂದ ಗಿಲ್ಸು, ಆತುರದಲ್ಲಿ. "ನಿಮ್ಮ ಮೀನನ್ನಂತೂ ಎರಡು ದಿನ ಇಟ್ಕೊಂಡು... ಅನ್ನ ಸ್ವಲ್ಪ ಜಾಸ್ತಿ ಹಾಕ್ಕೊಂಡ್ರೆ ಸರಿಹೋಗ್ತಿತ್ತು."

ಮಲ್ಜಾ ಹೊಟ್ಟೆ ಹಿಡಿದು ನಕ್ಕಳು, ಭವಿಷ್ಯದ ಮುದುಕಿ ನಕ್ಕಳು, ಇಡೀ ಸಾಲು ನಕ್ಕಿತು. "ಹೇಳಿದ್ನಲ್ಲೇ! ಉಪ್ಪು, ಉಪ್ಪು ಅಂತ ಬಡ್ಕೊಂಡೆ, ನನ್ ಮಾತು ಕೇಳಿದ್ಯಾ?" ಎಂದಳು ಮಲ್ಜಾ. ಹ್ವಾಜಾಳ ಗಂಭೀರ ಮುಖವೂ ಬಿರುಕುಬಿಟ್ಟು ನಗು ಬಂತು. "ಇರ್ಲಿ ಬಿಡು. ಉಪ್ಪಿನ ಋಣ ಅಂತಾರಲ್ಲ, ಜಾಸ್ತಿ ಹಾಕಿದ್ದಕ್ಕೇ ಬಂದಿದಾನೆ," ಎಂದಳು. ಗಿಲ್ಸುವಿನ ಕಿವಿ ಕೆಂಪಾದವು. ಎಲ್ಲರೆದುರು ನಗೆಪಾಟಲಾದಾಗ ಏಳುವ ಹಳೆಯ ಬಿಸಿಗಾಗಿ ಅವನು ಕಾದ. ಬರಲಿಲ್ಲ. ಇದು ಅವನ ಮೇಲಿನ ನಗುವಲ್ಲ, ಅವನನ್ನು ಒಳಗೆ ಎಳೆದುಕೊಂಡ ನಗು ಎಂದು ತಿಳಿಯಲು ಅವನಿಗೆ ತುಸು ಹೊತ್ತು ಬೇಕಾಯಿತು. ಅಷ್ಟರಲ್ಲಿ ಯಾರೋ ಅವನ ಕೈಗೂ ಕೆಂಪು ಕೈಗವಸು ತೊಡಿಸಿ ಕೋಸಿನ ತೊಟ್ಟಿಯ ಮುಂದೆ ಕೂರಿಸಿದ್ದರು. "ಎಲೆ ಎಲೆಗೂ ಹಚ್ಚಿ ಗಿಲ್ಸು ಅವ್ರೇ, ಬೇರಿನ ಕಡೆ ಜಾಸ್ತಿ. ಕೈ ಕೆಸರಾದ್ರೆ ಬಾಯಿ ಮೊಸರು," ಎಂದಳು ಮಲ್ಜಾ, ಪಕ್ಕದಲ್ಲೇ ಕುಕ್ಕರಿಸುತ್ತ.

ಅವನು ಹಚ್ಚಿದ. ಒಂದು ಕೋಸು, ಎರಡು ಕೋಸು. ಕೋಟಿನೊಳಗೆ ಡಬ್ಬಿ ಪಕ್ಕೆಲುಬಿಗೆ ಒತ್ತುತ್ತಿತ್ತು. ಸಾಲಿನ ಉದ್ದಕ್ಕೂ ಮುಖಗಳನ್ನು ನೋಡಿದ. ಯಾರ ಬೆರಳು ಎಲೆ ಮಡಿಸುವ ಬೆರಳು? ಆ ನೀಲಿ ಸ್ಕಾರ್ಫಿನಾಕೆಯೇ? ಕೊನೆಯಲ್ಲಿ ಮೂಲಂಗಿ ಹೆಚ್ಚುತ್ತಿರುವ ಗುಂಡು ಅಜ್ಜಿಯೇ? ಕೊನೆಗೆ ಕೋಸಿಗೆ ಹೇಳುವವನ ಹಾಗೆ ತಲೆ ತಗ್ಗಿಸಿಕೊಂಡು ಕೇಳಿದ: "ಮೋಕ್ ಬುನ್ನಮ್ ಅನ್ನೋರು ಯಾರಮ್ಮಾ? ನನ್ಮೇಲೆ ಕೋಪ ಮಾಡ್ಕೊಂಡಿದಾರೆ. ಡಬ್ಬಿ ಕೊಡ್ಲಿಲ್ಲ ಅಂತ. ಒಂದ್ಸಲ ಮಾತಾಡ್ಸ್ಬೇಕು."

ಮಲ್ಜಾಳ ಕೈ ನಿಂತಿತು. "ಕೋಪನಾ?" ಎಂದಳು. ಇಷ್ಟು ಸಣ್ಣ ದನಿ ಅವಳಲ್ಲಿದೆಯೆಂದು ಅವನಿಗೆ ಗೊತ್ತಿರಲಿಲ್ಲ. "ಅಯ್ಯೋ ನನ್ನಪ್ಪಾ. ಅವರು ಮಳೆಗಾಲದಲ್ಲೇ ಹೋಗ್ಬಿಟ್ರಲ್ಲೋ. ಬೆಳಗ್ಗೆ ಪ್ರಾರ್ಥನೆಗೆ ಬಂದಿದ್ರು, ಮಧ್ಯಾಹ್ನ ಎದೆ ನೋವು ಅಂದ್ರು, ಅಷ್ಟೇ." ಸ್ವಲ್ಪ ಹೊತ್ತು ಮಸಾಲೆಯನ್ನು ಸುಮ್ಮನೆ ಕಲಸಿದಳು. "ನಿಮ್ಮ ಬಾಗ್ಲಿಗೆ ಕೂಗಿ ಹೇಳೋ ಸುದ್ದಿನಾ ಅದು? ನಾವೆಲ್ಲ ಡಬ್ಬಿ ಡಬ್ಬಿ ಅಂತ ಗೊಣಗ್ತಿದ್ವಿ. ಅವ್ರು ಮಾತ್ರ, 'ಅವನಿಗೆ ಹಸಿವಿಗಿಂತ ನಾಚಿಕೆ ಜಾಸ್ತಿ ಕಣ್ರೇ, ತರ್ತಾನೆ ಬಿಡಿ,' ಅಂತಿದ್ರು. ನಿಮ್ಮನೇನ ನಮಗೆ ತೋರ್ಸಿದ್ದೇ ಅವ್ರ ಯಜಮಾನ್ರು. ಮೇಲ್ಗಡೆ ಒಬ್ಬ ಬೆಸುಗೆಯವನಿದಾನೆ, ಬಿದ್ದು ಕಾಲು ಮುರ್ಕೊಂಡಿದಾನೆ, ಒಬ್ನೇ ಉಣ್ತಾನೆ ಅಂತ. ಅಲ್ನೋಡಿ, ಅಲ್ಲಿದಾರಲ್ಲ, ನಮ್ಮ ಚರ್ಚಿನ ಹಿರಿಯರು."

ಅವಳು ಗಲ್ಲದಿಂದ ತೋರಿಸಿದ ಕಡೆ, ಕೋಸಿನ ಗುಡ್ಡೆಯ ಹತ್ತಿರ, ಒಬ್ಬ ಮುದುಕರು ದೇಟು ಮುರಿದು ಉಪ್ಪು ಹಿಡಿದಿದೆಯೋ ಎಂದು ನೋಡುತ್ತಿದ್ದರು. ಸರಿಯಿದ್ದದ್ದು ಈ ಕಡೆ, ಬಿರುಸಾದದ್ದು ಆ ಕಡೆ. ಕೈಯಲ್ಲಿ ಸುಣ್ಣದ ಕಡ್ಡಿಯೊಂದಿರಲಿಲ್ಲ, ಅಷ್ಟೇ. ತಾಕ್ ಸಾಹೇಬರು.

ಗಿಲ್ಸು ತಲೆ ತಗ್ಗಿಸಿ ಮತ್ತೆ ಕೋಸಿಗೆ ಮಸಾಲೆ ಹಚ್ಚಿದ. ಎಲೆ ಎಲೆಗೂ, ಬೇರಿನ ಕಡೆ ಜಾಸ್ತಿ. ಮೂಗಿನಿಂದ ನೀರಿಳಿಯುತ್ತಿತ್ತು, ಮೆಣಸಿನ ಘಾಟಿಗೆ ಎಲ್ಲರಿಗೂ ಇಳಿಯುತ್ತಿತ್ತು, ಅನುಕೂಲವಾಯಿತು. ಇಷ್ಟು ತಿಂಗಳು ಅವನು ಒಬ್ಬ ಸತ್ತ ಹೆಂಗಸಿನ ಸಿಟ್ಟಿಗೆ ಹೆದರಿ ಬದುಕಿದ್ದ. ಆ ಹೆಂಗಸೋ, ಸಾಯುವ ತನಕ ಅವನ ಪರವಾಗಿ ಜಗಳವಾಡಿದ್ದಳು. ತರ್ತಾನೆ ಬಿಡಿ. ಅಷ್ಟು ಸಲೀಸಾಗಿ ಅವನನ್ನು ನಂಬಿದವರು ಇನ್ಯಾರಿದ್ದರು? ಮತ್ತೆ ಆ ಸುತ್ತು ಎಳೆದ ಮನುಷ್ಯ, ಕೋಳಿ ಕೆದರಿದ ತಿಪ್ಪೆ ಎಂದ ಮನುಷ್ಯ, ಮನೆಗೆ ಹೋಗಿ ಹೆಂಡತಿಗೆ ಹೇಳಿದ್ದಾನೆ: ಒಬ್ಬನೇ ಉಣ್ಣುತ್ತಾನೆ. ಬಾಗಿಲು ಮುಚ್ಚಿ ಉಸಿರು ಬಿಗಿಹಿಡಿದು ಕೂತಿದ್ದಷ್ಟು ದಿನವೂ ಹೊರಗಡೆ ಅವನ ಬಗ್ಗೆ ಇಷ್ಟೆಲ್ಲ ನಡೆದಿತ್ತು. ಯಾವ ಜನ್ಮದ ಋಣವೋ ಎನ್ನಿಸಿತು, ಋಣ ಎನ್ನುವ ಮಾತಿಗೆ ಎದೆ ಭಾರವಾಗದೆ ಇದೇ ಮೊದಲ ಸಲ ಹಗುರವಾಯಿತು.

ಹಗುರವಾಯಿತು ಎನ್ನುವಷ್ಟರಲ್ಲಿ ಡಬ್ಬಿ ಪಕ್ಕೆಗೆ ಚುಚ್ಚಿತು. ಇದರ ಗತಿಯೇನು? ಇದು ಇರುವುದು ಯಾರಿಗೂ ಗೊತ್ತಿಲ್ಲ. ಮಲ್ಜಾಳೂ ಕೇಳಲಿಲ್ಲ. ಮನೆಗೆ ಒಯ್ದರೆ ಚಳಿಗಾಲ ಮುಗಿಯುವ ತನಕ ಬರುತ್ತದೆ, ಹುಣ್ಣಿಮೆಗೊಂದರಂತೆ. ಅದು ಅವನದೇ ಅಲ್ಲವೇ, ಅವನಿಗೆಂದೇ ಮಡಿಸಿದ್ದು? ಆ ಮನುಷ್ಯನ ಹತ್ತಿರ ಆಕೆಯ ಬಾಳೆಲ್ಲ ಇತ್ತು, ಇವನ ಹತ್ತಿರ ಇದೊಂದು ಡಬ್ಬಿ. ಅದೂ ಅಲ್ಲದೆ, ತಿಂದು ಮಿಕ್ಕಿದ್ದನ್ನು, ತನ್ನ ಎಂಜಲು ಕಡ್ಡಿ ಆಡಿದ್ದನ್ನು, ಹಿರಿಯರ ಮುಂದೆ ಇಡುವುದೆಂದರೆ ಅದಕ್ಕಿಂತ ಮರ್ಯಾದೆಗೇಡು ಇನ್ನೊಂದಿಲ್ಲ. ಬಂದ ಪಾತ್ರೆ ಖಾಲಿ ಹೋಗಬಾರದು ಎಂದಳೇ ಹೊರತು ಅವ್ವ, ಬಂದದ್ದೇ ವಾಪಸು ಹೋಗಲಿ ಎಂದಳೇ? ಹೀಗೆ ಅವನು ತನ್ನ ಪರವಾಗಿ ವಾದ ಹೂಡಿ ಗೆಲ್ಲುತ್ತಲೇ ಹೋದ. ಗೆದ್ದಷ್ಟೂ ಒಳಗೆ ಏನೋ ಸೋಲುತ್ತಿತ್ತು.

ಊಟಕ್ಕೆ ಎಲ್ಲರೂ ಚರ್ಚಿನ ನೆಲಮಾಳಿಗೆಗೆ ಇಳಿದರು. ಬೇಯಿಸಿದ ಹಂದಿಮಾಂಸ, ಅದಕ್ಕೆ ಸುತ್ತಿಕೊಳ್ಳಲು ಈಗಷ್ಟೇ ಕಲಸಿದ ಕಿಮ್ಚಿ, ಹೊಗೆಯಾಡುವ ಅನ್ನ. ಗಿಲ್ಸುವನ್ನು ಮಲ್ಜಾ ತೋಳು ಹಿಡಿದು ಎಳೆದುಕೊಂಡು ಹೋಗಿ ಕೂರಿಸಿದ್ದು ತಾಕ್ ಹಿರಿಯರ ಎದುರಿಗೇ. ಬೇಕೆಂದೇ ಮಾಡಿದಳೋ, ಜಾಗ ಇದ್ದದ್ದೇ ಅಲ್ಲೋ. ಅವರು ಅವನನ್ನು ನೋಡಿ, "ಬಂದ್ಯಾ ಪ್ಯೋ," ಎಂದರು, ನಿನ್ನೆ ಸಂಜೆ ಹಡಗುಕಟ್ಟೆಯ ಗೇಟಿನಲ್ಲಿ ಬಿಟ್ಟುಬಂದ ಹಾಗೆ. ಪ್ರಾರ್ಥನೆ ಅವರೇ ಮಾಡಿದರು, ಬಹಳ ಚಿಕ್ಕದು: ಬೆಳ್ಳುಳ್ಳಿ ಸುಲಿದ ಕೈಗಳಿಗಾಗಿಯೂ ಸ್ತೋತ್ರ ಎಂದರು. ಕಣ್ಣು ಮುಚ್ಚಬೇಕೆಂದು ತಿಳಿಯದ ಗಿಲ್ಸು ಅವರ ಮುಖವನ್ನೇ ನೋಡುತ್ತಿದ್ದ. ಕೆನ್ನೆಗಳು ಒಳಕ್ಕೆ ಹೋಗಿದ್ದವು. ಕಣ್ಣು ತೆರೆದ ಮೇಲೆ ಅವರು ಅನ್ನಕ್ಕೆ ನೀರು ಸುರಿದುಕೊಂಡು, ಸುಮ್ಮನೆ ನೀರನ್ನವನ್ನೇ ಚಮಚದಲ್ಲಿ ಎತ್ತತೊಡಗಿದರು. ಮಾಂಸದ ತಟ್ಟೆಯನ್ನು ಹ್ವಾಜಾ ಅವರ ಮುಂದಕ್ಕೆ ತಳ್ಳಿದಳು. ಅವರು ತಲೆಯಾಡಿಸಿ ವಾಪಸು ತಳ್ಳಿದರು. "ಏನಾದ್ರೂ ನಂಜಿಕೊಳ್ಳಿ ಹಿರಿಯರೇ, ಬರೀ ನೀರು ಕುಡ್ದು ಎಷ್ಟು ದಿನ?" ಎಂದಳು. "ಸೇರತ್ತೆ, ಸೇರತ್ತೆ," ಎಂದರು, ಸೇರದವರ ದನಿಯಲ್ಲಿ.

ಗಿಲ್ಸುವಿನ ಕೈ ಕೋಟಿನೊಳಗೆ ಹೋಯಿತು. ಅವನು ಕಳಿಸಿದ್ದಲ್ಲ, ಅದಾಗಿಯೇ ಹೋಯಿತು. ಬಟ್ಟೆ ಬಿಚ್ಚಿ, ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು, ಅವರ ಅನ್ನದ ಬಟ್ಟಲಿನ ಪಕ್ಕ ಇಟ್ಟ.

ಮುಚ್ಚಳದ ಮೇಲಿನ ಓರೆ ಅಕ್ಷರಗಳನ್ನು ತಾಕ್ ನೋಡಿದರು. ಚಮಚ ಕೆಳಗಿಟ್ಟರು. ಹ್ವಾಜಾ ಏನೋ ಹೇಳಲು ಬಾಯಿ ತೆರೆದಳು, ಮಲ್ಜಾ ಅವಳ ತೊಡೆ ಚಿವುಟಿದಳು.

"ಎಲ್ಲಿತ್ತು ಇದು?"

"ನಮ್ಮನೇಲಿ ಸಾಹೇಬ್ರೇ. ಅಮ್ಮ ಕಳಿಸಿದ್ದು, ಕೊನೇದು. ಮುಗ್ದುಹೋಗುತ್ತೆ ಅಂತ ಸ್ವಲ್ಪ ಸ್ವಲ್ಪವೇ..." ಡಬ್ಬಿಯಿಂದ ಕೈ ಹಿಂದೆಗೆದುಕೊಂಡ. "ತಿಂದು ಮಿಕ್ಕಿದ್ದು. ನಿಮ್ಮ ಮುಂದೆ ಇಡಬಾರ್ದು. ತಪ್ಪು ತಿಳ್ಕೋಬೇಡಿ."

ತಾಕ್ ಮುಚ್ಚಳ ತೆಗೆದರು. ಸೋಯಾದ, ಬೆಳ್ಳುಳ್ಳಿಯ, ಹಸಿ ಎಲೆಯ ವಾಸನೆ ಮೇಜಿನ ತುಂಬ ಹರಡಿತು. ಅವರು ಬೆಸುಗೆ ನೋಡುವವರ ಹಾಗೆ ಬಗ್ಗಿ, ಹತ್ತಿರದಿಂದ, ಬಹಳ ಹೊತ್ತು ನೋಡಿದರು. "ಮಡಿಸಿದಾಳೆ," ಎಂದರು. "ಒಂದೊಂದೇ ಮಡಿಸಿದಾಳಲ್ಲ. ನಮ್ಮನೇಲಿ ಯಾವತ್ತೂ ಹಿಂಗೆ ಮಡಿಸ್ಲಿಲ್ಲ. ಕಟ್ಟು ಕಟ್ಟೇ ಇಟ್ಬಿಡೋಳು, ಅಂಟ್ಕೊಂಡು ಬರೋದು, ನಾನು ಸಿಡುಕ್ತಿದ್ದೆ." ತಲೆಯೆತ್ತಿ ಗಿಲ್ಸುವಿನ ಕಡೆ ನೋಡಿದರು. ಅದು ಸುಣ್ಣದ ಕಡ್ಡಿಯ ನೋಟವಾಗಿರಲಿಲ್ಲ, ಉತ್ತರ ಬೇಕಾದ ನೋಟ. "ನಿನಗ್ಯಾಕೆ ಮಡಿಸಿದ್ಲು?"

"ನಮ್ಮನೇಲಿ ಕೆಳಗಿಂದು ಹಿಡಿಯೋರು ಯಾರೂ ಇಲ್ಲ ಸಾಹೇಬ್ರೇ," ಎಂದ ಗಿಲ್ಸು.

ಮೇಜಿನ ಆ ತುದಿಯಲ್ಲಿ ಯಾರೋ ಇನ್ನಷ್ಟು ಅನ್ನ ಎಂದು ಕೂಗುತ್ತಿದ್ದರು, ಭವಿಷ್ಯದ ಮುದುಕಿ ಯಾರಿಗೋ ಬೈಯುತ್ತಿದ್ದಳು. ತಾಕ್ ಕಡ್ಡಿ ಎತ್ತಿಕೊಂಡು ಡಬ್ಬಿಗಿಳಿಸಿದರು. ಮೇಲಿನ ಸಾಲುಗಳನ್ನೆಲ್ಲ ಗಿಲ್ಸು ತಿಂದಾಗಿತ್ತು. ಉಳಿದವು ತಳದವು, ತಿಂಗಳುಗಟ್ಟಲೆ ನೆನೆದು, ಮಡಿಕೆಯ ಗೆರೆಯಷ್ಟೇ ಉಳಿದು, ಚಪ್ಪಟೆಯಾಗಿ, ಒಂದಕ್ಕೊಂದು ಅಪ್ಪಿಕೊಂಡಿದ್ದವು. ತಾಕ್ ಒಂದು ತೊಟ್ಟು ಹಿಡಿದೆತ್ತಿದರು. ಮೂರು ಬಂದವು. ಕೊಡವಿದರು, ಬಿಡಲಿಲ್ಲ. ರಸ ಮೇಜಿನ ಮೇಲೆ ತೊಟ್ಟಿಕ್ಕಿತು. ಅವರ ಕಣ್ಣು ತಮಗೆ ತಿಳಿಯದ ಹಾಗೆ ಎದುರಿಗೆ ಹೋಯಿತು, ಎಷ್ಟೋ ವರ್ಷ ಯಾರೋ ಕೂತಿರುತ್ತಿದ್ದ ಕಡೆಗೆ.

ಎದುರಿಗೆ ಕೂತಿದ್ದವನು ಗಿಲ್ಸು. ಅವನು ಬೆಳ್ಳುಳ್ಳಿಯ ಉರಿ ಇನ್ನೂ ಆರದ ಬೆರಳುಗಳಲ್ಲಿ ತನ್ನ ಕಡ್ಡಿ ಹಿಡಿದು, ಕೈ ಚಾಚಿ, ಕೆಳಗಿನ ಎಲೆಗಳನ್ನು ಮೆಲ್ಲನೆ ಒತ್ತಿಕೊಂಡ. ಮೇಲಿನದು ಬಿಡಿಸಿಕೊಂಡು ಬಂತು. ತಾಕ್ ಅದನ್ನು ಅನ್ನದ ಮೇಲೆ ಹೊದಿಸಿ, ಸುತ್ತಿ, ಬಾಯಿಗಿಟ್ಟುಕೊಂಡು, ಕಣ್ಣು ಮುಚ್ಚಿ ಅಗಿದರು. ಮುಚ್ಚಿದ ರೆಪ್ಪೆಯ ಅಂಚಿನಿಂದ ಒಂದು ಗೆರೆ ನೀರು ಕೆನ್ನೆಯ ಹಳ್ಳಕ್ಕಿಳಿಯಿತು. ಒರೆಸಿಕೊಳ್ಳಲಿಲ್ಲ. ನುಂಗಿದ ಮೇಲೆ ಹ್ವಾಜಾಳ ಕಡೆ ಬಟ್ಟಲು ಚಾಚಿ, "ಬಿಸಿ ಅನ್ನ ಹಾಕಮ್ಮ," ಎಂದರು. ಅನ್ನ ಬಂತು. ಕಡ್ಡಿಯನ್ನು ಮತ್ತೆ ಡಬ್ಬಿಗಿಳಿಸಿದರು.

"ಹಿಡ್ಕೊಳೋ, ಪ್ಯೋ," ಎಂದರು.

ಗಿಲ್ಸು ಹಿಡಿದುಕೊಂಡ.